ಫ್ಯಾಶನ್ ಛಾಯಾಚಿತ್ರವೆಂದರೆ ಯಾವುದು?

ಒಂದು ವಸ್ತುವನ್ನು ಅದರದಲ್ಲದ ಹೆಸರಿನಿಂದ ಕರೆಯುವದು ಎಷ್ಟೋ ಸಲ ಬರಿಯ ಅಜ್ಞಾನದ ಫಲವಾಗಿರುತ್ತದೆ. ಆದರೆ ಕೆಲವು ಸಲ ಆ ತಪ್ಪು ಹೆಸರಿನಿಂದ ಯಾರಿಗೋ ಲಾಭವಾಗುತ್ತಿರುತ್ತದೆ. ‘ಫ್ಯಾಶನ್ ಛಾಯಾಚಿತ್ರ’ ಎಂಬ ಹೆಸರು ನಮ್ಮ ಬೆಳಗಾವಿಯಲ್ಲಿ ಈಚೆಗೆ ಬಳಕೆಯಾಗುತ್ತಿರುವ ರೀತಿಯು ಈ ಎರಡನೆಯ ಬಗೆಯದೆಂದು ಹೇಳದೆ ವಿಧಿಯಿಲ್ಲ.

ಸಂಗತಿ ಹೀಗಿದೆ. ನಮ್ಮ ಪೇಟೆಯ ಕೆಲವು ತರುಣರು ಅಜ್ಜಂದಿರ ಪೆಟ್ಟಿಗೆಗಳಲ್ಲಿ ಮಲಗಿದ್ದ ಫಿಲ್ಮು ಕ್ಯಾಮರಾಗಳನ್ನು ಹೊರತೆಗೆದು ಒರೆಸಿ ಮತ್ತೆ ನಡೆಯುವಂತೆ ಮಾಡಿದ್ದಾರೆ. ಇದು ಸಂತೋಷದ ವಿಷಯವೇ. ರವಿವಾರ ಬೆಳಿಗ್ಗೆ ಅವರು ಕೋಟೆಯೊಳಗಿನ ಕಮಲ ಬಸದಿಯ ಬಳಿಗಾಗಲಿ, ಖಾನಾಪುರದ ಆಚೆಯ ಕಾಡಿಗಾಗಲಿ, ಹಲಸಿಯ ಗುಡಿಯ ಅಂಗಳಕ್ಕಾಗಲಿ ಹೋಗುತ್ತಾರೆ. ಜೊತೆಗೆ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ. ಆಕೆಯ ಮೈಮೇಲೆ ಬಾಡಿಗೆಯಿಂದ ತಂದ ಒಂದು ಪಾಶ್ಚಾತ್ಯ ನಿಲುವಂಗಿ. ಆಕೆಯನ್ನು ಮರಕ್ಕೆ ಒರಗಿಸಿ, ನೀರಿನಲ್ಲಿ ನಿಲ್ಲಿಸಿ, ಕಂಬದ ಮರೆಯಿಂದ ಇಣುಕಿಸಿ, 36 ಚಿತ್ರಗಳ ಸುರುಳಿಯೊಂದನ್ನು ಮುಗಿಸುತ್ತಾರೆ. ಮುಂದೆ ಆ ಚಿತ್ರಗಳು ಪ್ರದರ್ಶನಕ್ಕೆ ಬಂದಾಗ ಅವುಗಳ ಕೆಳಗೆ ‘ಫಿಲ್ಮಿನ ಮೇಲೆ ಫ್ಯಾಶನ್’ ಎಂದು ಬರೆದಿರುತ್ತದೆ. ಇದರಲ್ಲಿ ಫ್ಯಾಶನ್ ಎಲ್ಲಿದೆಯೆಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿವೆ. ನಿಂತಿರುವವಳು ರೂಪದರ್ಶಿಯೆಂಬುದು ಒಂದು. ಇದನ್ನು ಫಿಲ್ಮಿನ ಮೇಲೆ ತೆಗೆದಿದೆಯೆಂಬುದು ಇನ್ನೊಂದು.

ಈ ಎರಡೂ ಉತ್ತರಗಳು ಸುಳ್ಳೆಂದು ತೋರಿಸುವದೇ ನನ್ನ ಉದ್ದೇಶ. ಆದರೆ ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಮನೆಯ ಹೆಣ್ಣುಮಕ್ಕಳು ಕ್ಯಾಮರಾದ ಎದುರಿಗೆ ನಿಲ್ಲುವದೇ ಅಯೋಗ್ಯವೆಂದು ಮೂಗು ಮುರಿಯುವ ಹಿರಿಯರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅವರ ಪಕ್ಷ ನನ್ನದಲ್ಲ. ನಿಲ್ಲುವದು ಆಕೆಯ ಇಚ್ಛೆ. ಅದನ್ನು ಉದ್ಯೋಗವನ್ನಾಗಿ ಮಾಡಿಕೊಂಡರೆ ಅದು ಗೌರವದ ಉದ್ಯೋಗವೇ. ನನ್ನ ಜಗಳವಿರುವದು ಹೆಸರಿನೊಡನೆ.

ಮೊದಲು ಫಿಲ್ಮಿನ ಮಾತನ್ನು ತೆಗೆದುಕೊಳ್ಳೋಣ. ಫಿಲ್ಮು ಕೈಮಗ್ಗದ ಬಟ್ಟೆಯಂತೆ, ಡಿಜಿಟಲ್ ಗಿರಣಿಯ ಬಟ್ಟೆಯಂತೆ ಎಂಬ ಉಪಮೆಯನ್ನು ಈ ಮಿತ್ರರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಕೇಳಲು ಇಂಪಾಗಿದೆ, ಆದರೆ ಅರ್ಥವಿಲ್ಲ. ಕೊಡಕ್ ಫಿಲ್ಮು ಅಮೇರಿಕೆಯ ರಾಚೆಸ್ಟರ್ ಊರಿನ ದೊಡ್ಡ ಕಾರಖಾನೆಯಲ್ಲಿ ತಯಾರಾಗುತ್ತದೆ. ನಮ್ಮ ದೇಶವೂ 1960ರಲ್ಲಿ ಉದಕಮಂಡಲದಲ್ಲಿ ಹಿಂದುಸ್ತಾನ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಂಪನಿಯನ್ನು ಕಟ್ಟಿ ‘ಇಂದು’ ಎಂಬ ಹೆಸರಿನಿಂದ ಫಿಲ್ಮು ಮಾರಿತು. ಆ ಕಾರಖಾನೆ ಮುಚ್ಚಿಹೋಗಿದೆ. ಕೊಡಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿಯ ಅರ್ಜಿ ಹಾಕಬೇಕಾಯಿತು. ಕಾರಖಾನೆಯ ಸಾಮಾನಿಗೆ ಅಭಾವ ಬಂದ ಮಾತ್ರಕ್ಕೆ ಅದು ಕೈಕಸುಬಾಗುವದಿಲ್ಲ. ಕೈಮಗ್ಗದ ಮೇಲೆ ಇಷ್ಟು ಪ್ರೀತಿಯುಳ್ಳವರು ಕ್ಯಾಮರಾ ಹಿಡಿದು ಖಾನಾಪುರದ ದಾರಿ ಹಿಡಿಯುವ ಮುಂಚೆ ನಮ್ಮ ಶಹಾಪುರ, ವಡಗಾವಿ, ಖಾಸಬಾಗದ ಓಣಿಗಳಲ್ಲಿ ಅರ್ಧ ಗಂಟೆ ಅಡ್ಡಾಡಬಾರದೇಕೆ? ಅಲ್ಲಿಯೂ ಈಗ ವಿದ್ಯುನ್ಮಗ್ಗದ ಸಪ್ಪಳವೇ ಹೆಚ್ಚು. ಆದರೂ ಸೀರೆ ಹುಟ್ಟುವ ಸ್ಥಳವಂತೂ ಅದೇ.

ಫಿಲ್ಮು ಒಂದು ಸಾಧನ. ಅದರ ಮೇಲೆ ಪಂಚನಾಮೆಯ ಚಿತ್ರವನ್ನೂ ತೆಗೆಯಬಹುದು, ಪಾಸಪೋರ್ಟಿನ ಚಿತ್ರವನ್ನೂ ತೆಗೆಯಬಹುದು. ಸಾಧನದಿಂದ ಜಾತಿಯನ್ನು ನಿರ್ಣಯಿಸುವದಾದರೆ ಶಾಯಿಯಲ್ಲಿ ಬರೆದ ಅಂಗಡಿಯ ಲೆಕ್ಕವೂ ಕಾವ್ಯವೇ ಆಗಬೇಕಾಗುವದು.

ಹಾಗಾದರೆ ಫ್ಯಾಶನ್ ಛಾಯಾಚಿತ್ರದ ಲಕ್ಷಣವೇನು? ಇದನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಎರಡು ದೊಡ್ಡ ಗ್ರಂಥಗಳ ಕಡೆಗೆ ಹೊರಳಬೇಕು. 1866ರಲ್ಲಿ ಫೋರ್ಬ್ಸ್ ವಾಟ್ಸನ್ ಎಂಬಾತನು ಹಿಂದುಸ್ತಾನದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಪ್ರಕಟಿಸಿದನು. ಇಂಗ್ಲಂಡದ ಗಿರಣಿಯವರು ಇವನ್ನು ಮುಟ್ಟಿ ನೋಡಿ, ಅಂಥದೇ ಬಟ್ಟೆ ಮಾಡಿ ನಮಗೆ ಮಾರಲೆಂಬುದೇ ಅದರ ಹೇತು. ಅಲ್ಲಿ ಬಟ್ಟೆಯುಂಟು, ಉಟ್ಟವರಿಲ್ಲ. ಅದೇ ವಾಟ್ಸನ್ನನೂ ಜಾನ್ ಕೇ ಎಂಬಾತನೂ ಕೂಡಿ 1868ರಿಂದ 1875ರ ವರೆಗೆ ‘ಹಿಂದುಸ್ತಾನದ ಜನ’ ಎಂಬರ್ಥದ ಹೆಸರಿನಿಂದ ಎಂಟು ಸಂಪುಟಗಳ ಛಾಯಾಚಿತ್ರಗಳನ್ನು ಹೊರಡಿಸಿದರು. ಅಲ್ಲಿ ಉಟ್ಟವರು ಉಂಟು; ಆದರೆ ಅವರು ಒಂದು ಜಾತಿಯ, ಒಂದು ಬುಡಕಟ್ಟಿನ ನಮೂನೆಗಳಾಗಿ ನಿಂತಿದ್ದಾರೆ, ಗಾಜಿನ ಪೆಟ್ಟಿಗೆಯಲ್ಲಿ ಚಿಟ್ಟೆಯನ್ನು ಸೂಜಿಯಿಂದ ಚುಚ್ಚಿಟ್ಟ ಹಾಗೆ. ತಾನು ಇಂದು ಈ ಸೀರೆಯನ್ನು ಏಕೆ ಉಟ್ಟೆನೆಂದು ಆ ಚಿತ್ರಗಳಲ್ಲಿಯ ಯಾವ ಹೆಣ್ಣೂ ಹೇಳುವದಿಲ್ಲ, ಯಾರೂ ಆಕೆಯನ್ನು ಕೇಳಿಲ್ಲ.

ಫ್ಯಾಶನ್ ಛಾಯಾಚಿತ್ರದ ಸ್ಥಾನವಿರುವದು ಈ ಎರಡರ ನಡುವೆ. ಬಟ್ಟೆಯೂ ಕಾಣಬೇಕು, ಅದನ್ನು ಉಟ್ಟವಳ ಆಯ್ಕೆಯೂ ಕಾಣಬೇಕು, ಇದು ಈ ಕಾಲದ ಉಡುಗೆ, ನಿನ್ನೆಯದಲ್ಲ ಎಂಬುದೂ ತಿಳಿಯಬೇಕು. ಇವುಗಳಲ್ಲಿ ಮೊದಲನೆಯದು ತಪ್ಪಿದರೆ ಅದು ಒಳ್ಳೆಯ ಭಾವಚಿತ್ರವಾದೀತು, ವನಶೋಭೆಯ ಚಿತ್ರವಾದೀತು, ಏನಾದರೂ ಆದೀತು. ಫ್ಯಾಶನ್ ಮಾತ್ರ ಆಗಲಾರದು.

ಈ ಕಟ್ಟಳೆಯಿಂದ ನೋಡಿದರೆ ನಮ್ಮ ಮನೆಗಳ ಗೋಡೆಯ ಮೇಲಿನ ಹಳೆಯ ಚಿತ್ರಗಳೇ ಇಂದಿನ ಪ್ರದರ್ಶನಗಳಿಗಿಂತ ಫ್ಯಾಶನ್ನಿಗೆ ಹತ್ತಿರವಾಗಿವೆ! ವಾಚಕರು ನಗಬಾರದು. ಅತ್ತೆ ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಸೊಸೆ ಹನ್ನೆರಡು ಮೊಳದ ಸೀರೆಯನ್ನು ದುಂಡಗೆ ಉಟ್ಟು ಹಿಂದೆ ನಿಂತಿದ್ದಾಳೆ. ನಿರಿಗೆ ಬಿಚ್ಚಿಕೊಂಡು ಕಾಣಲೆಂದು ಸ್ಟುಡಿಯೋದವನು ಬಗ್ಗಿ ಅದನ್ನು ಸರಿಪಡಿಸಿದ್ದಾನೆ. ಸೆರಗಿನ ತೆನಿ ಕಾಣಲೆಂದು ಅದನ್ನು ಮುಂದಕ್ಕೆ ತಂದು ಮೊಣಕಾಲ ಮೇಲೆ ಹಾಸಿದ್ದಾನೆ. ಒಂದು ತಲೆಮಾರಿನಲ್ಲಿ ಉಡುಗೆ ಹೇಗೆ ಬದಲಾಯಿತೆಂಬುದರ ಇತಿಹಾಸವೇ ಆ ಒಂದು ಹಾಳೆಯಲ್ಲಿದೆ. ಆ ಸ್ಟುಡಿಯೋದವನಿಗೆ ಫ್ಯಾಶನ್ ಎಂಬ ಶಬ್ದ ಗೊತ್ತಿತ್ತೋ ಇಲ್ಲವೋ, ಸೀರೆಗೆ ಸಲ್ಲತಕ್ಕ ಮರ್ಯಾದೆಯಂತೂ ಗೊತ್ತಿತ್ತು.

1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರವು ಸೀರೆಯ ಪೇಟೆಯೆಂದು ಸುತ್ತಲಿನ ಜಿಲ್ಲೆಗಳಿಗೆಲ್ಲ ಪರಿಚಿತವಾದದ್ದು. ಈ ಭಾಗದ ಮದುವೆಗಳಿಗೆ ಅಲ್ಲಿಂದ ಜವಳಿ ಹೋಗುತ್ತದೆ. ಇಲಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಧಾರವಾಡದ ಕಸೂತಿ ಇವೆಲ್ಲ ನಮ್ಮ ಕೈಯಳತೆಯಲ್ಲೇ ಇರುವ ವಸ್ತುಗಳು. ಇಷ್ಟಿದ್ದೂ ನಮ್ಮ ‘ಫ್ಯಾಶನ್’ ಛಾಯಾಚಿತ್ರಗಾರರಿಗೆ ಬೇಕಾದದ್ದು ಬಾಡಿಗೆಯ ನಿಲುವಂಗಿ; ಅದನ್ನು ಯಾರು ಹೊಲಿದರು, ಬಟ್ಟೆ ಯಾವದು ಎಂದು ಕೇಳಿದರೆ ಒಬ್ಬರಿಗೂ ತಿಳಿಯದು. ಪರದೇಶದ ಉಡುಪೆಂದು ನಾನು ಆಕ್ಷೇಪಿಸುವದಿಲ್ಲ. ಒಳ್ಳೆಯ ದರ್ಜಿಯು ಹೊಲಿದ ಕೋಟು ಫ್ಯಾಶನ್ನಿನ ವಿಷಯವಾಗಲು ಏನೂ ಅಡ್ಡಿಯಿಲ್ಲ. ಉಡುಪಿನ ವಿಷಯದಲ್ಲಿ ಚಿತ್ರಗಾರನಿಗೆ ಕುತೂಹಲವೇ ಇಲ್ಲವೆಂಬುದು ಆಕ್ಷೇಪ.

“ಹಾಗಾದರೆ ನೀವು ಕೇಳುವದು ಜವಳಿ ಅಂಗಡಿಯ ಪಟ್ಟಿಯನ್ನಲ್ಲವೆ?” ಎಂದು ಯಾರಾದರೂ ಕೇಳಿಯಾರು. ಅಲ್ಲ. 1911ರಲ್ಲಿ ಎಡ್ವರ್ಡ್ ಸ್ಟೈಖನ್ ಪ್ಯಾರಿಸಿನ ಪಾಲ್ ಪ್ವಾರೆಯ ಉಡುಪುಗಳ ಹದಿಮೂರು ಚಿತ್ರಗಳನ್ನು ಒಂದು ಫ್ರೆಂಚ್ ಮಾಸಪತ್ರಿಕೆಗಾಗಿ ತೆಗೆದನು. ಆಧುನಿಕ ಫ್ಯಾಶನ್ ಛಾಯಾಚಿತ್ರದ ಮೊದಲು ಅದೇ ಎಂದು ಬಹಳ ಜನ ಹೇಳುತ್ತಾರೆ. ಅವು ಮಸುಕಾದ, ಸ್ವಪ್ನದಂಥ ಚಿತ್ರಗಳು. ಅಂಗಡಿಯ ಪಟ್ಟಿ ಅಲ್ಲವೇ ಅಲ್ಲ. 1955ರಲ್ಲಿ ರಿಚರ್ಡ್ ಆವೆಡನ್ ಪ್ಯಾರಿಸಿನ ಒಂದು ಸರ್ಕಸ್ಸಿನಲ್ಲಿ ಡೊವಿಮಾ ಎಂಬ ರೂಪದರ್ಶಿಯನ್ನು ಆನೆಗಳ ನಡುವೆ ನಿಲ್ಲಿಸಿದನು. ಆಕೆ ತೊಟ್ಟದ್ದು ಡಿಯೊರ್ ಮನೆತನದ ಕಪ್ಪು ನಿಲುವಂಗಿ, ಸೊಂಟದಿಂದ ಇಳಿಬಿದ್ದ ಬಿಳಿಯ ಪಟ್ಟಿ. ಆನೆಯಂಥ ಪ್ರಾಣಿ ಸೊಂಡಿಲೆತ್ತಿ ನಿಂತಿದ್ದರೂ ನೋಡುವವನ ಕಣ್ಣು ಆ ಬಿಳಿಯ ಪಟ್ಟಿಯ ಗುಂಟ ನೆಲದ ವರೆಗೆ ಇಳಿಯುತ್ತದೆ. ಆನೆಯ ಒರಟು ಚರ್ಮವಿದ್ದದ್ದರಿಂದಲೇ ರೇಷ್ಮೆಯ ನುಣುಪು ಕಂಡಿತು. ನಮ್ಮವರು ಖಾನಾಪುರದ ಮರವನ್ನೂ ಹಲಸಿಯ ಕಲ್ಲುಕಂಬವನ್ನೂ ಬಳಸಬೇಕಾದದ್ದು ಈ ಬಗೆಯಲ್ಲಿ. ಕಲ್ಲಿನ ಮುಂದೆ ಖಣದ ಹೊಳಪು ಹೇಗೆ ಏಳುತ್ತದೆಂದು ತೋರಿಸಿದರೆ ಕಲ್ಲಿಗೂ ಖಣಕ್ಕೂ ಉಪಕಾರ. ಈಗಿನ ಚಿತ್ರಗಳಲ್ಲಾದರೋ ಕಲ್ಲೂ ಮಸುಕು, ಬಟ್ಟೆಯೂ ಮಸುಕು. ಸ್ಪಷ್ಟವಾಗಿರುವದು ಹುಡುಗಿಯ ಭುಜ ಮಾತ್ರ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಈ ಕಾಲದಲ್ಲಿ ಫ್ಯಾಶನ್ ಮಾರುವದು ಬಟ್ಟೆಯನ್ನಲ್ಲ, ಒಂದು ಮನೋಭಾವವನ್ನು. ಆದುದರಿಂದ ಬಟ್ಟೆ ಕಾಣಲೇಬೇಕೆಂಬ ಹಟ ಹಳೆಯದು ಎಂದು ಬಲ್ಲವರೇ ಹೇಳುತ್ತಾರೆ. ಇದಕ್ಕೆ ನಮ್ಮ ದೇಶದ ಪ್ರಸಿದ್ಧ ಉದಾಹರಣೆ 1995ರ ಟಫ್ ಬೂಟುಗಳ ಜಾಹೀರಾತು. ಮಿಲಿಂದ ಸೋಮಣ ಹಾಗು ಮಧು ಸಪ್ರೆ ಬೂಟುಗಳ ಹೊರತು ಏನನ್ನೂ ಧರಿಸದೆ, ಕೊರಳಿಗೆ ಹೆಬ್ಬಾವು ಸುತ್ತಿಕೊಂಡು ನಿಂತ ಆ ಚಿತ್ರವನ್ನು ತೆಗೆದವರು ಪ್ರಬುದ್ಧ ದಾಸಗುಪ್ತ. ಅಶ್ಲೀಲತೆಯ ಮೊಕದ್ದಮೆ ಹದಿನಾಲ್ಕು ವರ್ಷ ನಡೆದು 2009ರಲ್ಲಿ ಎಲ್ಲರೂ ಬಿಡುಗಡೆಯಾದರು. ಬಿಡುಗಡೆಯಾದದ್ದು ಯೋಗ್ಯವೇ ಆಯಿತೆಂದು ನನ್ನ ಮತ. ಆದರೆ ಆ ಚಿತ್ರವನ್ನು ನೋಡಿದ ನೂರು ಜನರನ್ನು ಕೇಳಿರಿ: ಹಾವು ಎಲ್ಲರ ನೆನಪಿನಲ್ಲಿರುತ್ತದೆ, ಬೂಟಿನ ಬಣ್ಣ ಯಾವದಿತ್ತೆಂದು ಒಬ್ಬನೂ ಹೇಳಲಾರನು. ಅದು ಜಯಶಾಲಿಯಾದ ಜಾಹೀರಾತು. ಬೂಟಿನ ಚಿತ್ರವಾಗಿ ಸೋತದ್ದು. ಕಾಯಿದೆಯ ಕಣ್ಣಿನಲ್ಲಿ ನಿರ್ದೋಷಿಯಾದದ್ದೆಲ್ಲ ತನ್ನ ಹೆಸರಿಗೆ ತಕ್ಕದ್ದಾಗಬೇಕೆಂಬ ನಿಯಮವೇನೂ ಇಲ್ಲ.

ಇದೇ ದಾಸಗುಪ್ತರು ಮರುವರ್ಷ, ಅಂದರೆ 1996ರಲ್ಲಿ, ತಾವು ತೆಗೆದ ಸ್ತ್ರೀಯರ ಚಿತ್ರಗಳ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ವಿವಸ್ತ್ರ ಚಿತ್ರಗಳೂ ಇದ್ದವು. ಪುಸ್ತಕದ ಹೆಸರೇನು? ‘ವಿಮೆನ್’, ‘ಹೆಂಗಸರು’ ಎಂದಷ್ಟೇ. ಫ್ಯಾಶನ್ನಿನಲ್ಲಿ ದೇಶಕ್ಕೇ ದೊಡ್ಡ ಹೆಸರು ಪಡೆದ ಆ ಗೃಹಸ್ಥನು ಆ ಹೆಸರಿನ ಮರೆಯನ್ನು ಅಲ್ಲಿ ಹುಡುಕಲಿಲ್ಲ. ದೇಹದ ಚಿತ್ರವನ್ನು ದೇಹದ ಚಿತ್ರವೆಂದು ಕರೆಯುವ ಧೈರ್ಯ ಆತನಿಗಿತ್ತು. ನಮ್ಮ ಮಿತ್ರರಿಗೆ ಅಷ್ಟು ಧೈರ್ಯವಿದ್ದರೆ ನಾನು ಈ ಲೇಖವನ್ನು ಬರೆಯುತ್ತಿರಲಿಲ್ಲ.

ಫಿಲ್ಮಿನ ಅಭಿಮಾನಿಗಳ ಅಭಿಮಾನವನ್ನು ಪರೀಕ್ಷಿಸುವ ಒಂದು ಸುಲಭ ಉಪಾಯವಿದೆ. ಹಸಿರು ಒಡಲಿನ, ಕೆಂಪು ದಡಿಯ ಒಂದು ಇಲಕಲ್ ಸೀರೆಯನ್ನು ಅವರ ಕೈಯಲ್ಲಿ ಕೊಟ್ಟು ಕಪ್ಪು-ಬಿಳುಪಿನ ಫಿಲ್ಮಿನ ಮೇಲೆ ತೆಗೆಯಿರೆಂದು ಹೇಳಬೇಕು. ಇಂದಿನ ಸಾಮಾನ್ಯ ಫಿಲ್ಮು ಎಲ್ಲ ಬಣ್ಣಗಳನ್ನೂ ಕಾಣಬಲ್ಲದು. ಆದುದರಿಂದಲೇ ಸಮನಾದ ಗಾಢತೆಯ ಕೆಂಪು ಹಾಗು ಹಸಿರು ಎರಡೂ ಒಂದೇ ಬೂದಿಬಣ್ಣಕ್ಕೆ ಇಳಿದು ದಡಿಯೂ ಒಡಲೂ ಕೂಡಿಹೋಗುವ ಭಯವುಂಟು. ನೇಕಾರನು ದಿನಗಟ್ಟಲೆ ಪಟ್ಟ ಶ್ರಮ ಒಂದು ಕ್ಷಣದಲ್ಲಿ ಅಳಿಸಿಹೋಗುವದು. ಮಸೂರದ ಮುಂದೆ ಹಸಿರು ಗಾಜನ್ನು ಹಾಕಿದರೆ ಕೆಂಪು ದಡಿ ಕಪ್ಪಗೆ ನಿಲ್ಲುತ್ತದೆ, ಒಡಲು ತಿಳಿಯಾಗುತ್ತದೆ. ಕೆಂಪು ಗಾಜನ್ನು ಹಾಕಿದರೆ ಇದರ ತಿರುವುಮುರುವು. ಹಿಂದಿನ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ; ಆದುದರಿಂದ ಅಜ್ಜಿಯರ ಚಿತ್ರಗಳಲ್ಲಿ ಕೆಂಪು ಸೆರಗು ಮಸಿಯಂತೆ ಕಪ್ಪಾಗಿ, ಅದರ ಮೇಲಿನ ಬಿಳಿಯ ತೆನಿ ಹಲ್ಲಿನಂತೆ ಹೊಳೆಯುತ್ತದೆ. ಬಣ್ಣ ಸುಳ್ಳಾಯಿತು, ನೇಯ್ಗೆ ಉಳಿಯಿತು! ಇನ್ನು ಬಣ್ಣದ ಫಿಲ್ಮು ಹಿಡಿದು ಮಳೆಗಾಲದಲ್ಲಿ ಕಣಕುಂಬಿಯ ಕಡೆಯ ಕಾಡಿಗೆ ಹೋದರೆ, ಎಲೆಗಳಿಂದ ಸೋಸಿ ಬಂದ ಬೆಳಕು ಮೈಗೂ ಬಟ್ಟೆಗೂ ಹಸಿರು ಬಳಿಯುತ್ತದೆ. ಬೆಳಕು ಸಾಲದೆಂದು ಫಿಲ್ಮನ್ನು ಅದರ ಶಕ್ತಿಗೆ ಮೀರಿ ಎಳೆದರೆ ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಕಣ ಏಳುತ್ತದೆ. ಎಳೆ ಎಣಿಸಿ ಹಾಕಿದ ಗವಂತಿ, ಮುರಗಿಯ ಕಸೂತಿ ಆ ಮರಳಿನಲ್ಲಿ ಎಲ್ಲಿ ಉಳಿದೀತು? ಈ ಕಣವನ್ನೇ ಈಗ ‘ಫಿಲ್ಮಿನ ಆತ್ಮ’ ಎಂದು ಕೊಂಡಾಡುತ್ತಾರೆ. ಯಾವ ಆತ್ಮವೋ!

ಖಾನಾಪುರದ ಮಾತು ಬಂದ ಮೇಲೆ ಅಲ್ಲಿಯ ಜನರ ವಿಷಯವಾಗಿ ಒಂದು ಮಾತು. ನಿಲುವಂಗಿಯ ಹುಡುಗಿಯ ಹಿಂದೆ, ಸ್ವಲ್ಪ ದೂರದಲ್ಲಿ, ಎಮ್ಮೆ ಹೊಡೆದುಕೊಂಡು ಹೋಗುವ ಗೌಳಿ ಹೆಂಗಸನ್ನು ಹಿನ್ನೆಲೆಗಾಗಿ ನಿಲ್ಲಿಸುವ ಪದ್ಧತಿಯೂ ಹೊರಟಿದೆ. ಇದಕ್ಕೆ ಮೇಲ್ಪಂಕ್ತಿ ಬಹಳ ದೊಡ್ಡವರದು. ‘ವೋಗ್’ ಪತ್ರಿಕೆಯ ಹಿಂದುಸ್ತಾನದ ಆವೃತ್ತಿ 2008ರ ಆಗಸ್ಟ್ ಸಂಚಿಕೆಯಲ್ಲಿ ಬಡ ಹಳ್ಳಿಗರ ಕೈಯಲ್ಲಿ ಬೆಲೆಬಾಳುವ ಸಾಮಾನು ಕೊಟ್ಟು ಚಿತ್ರ ತೆಗೆಸಿತು: ಬರಿಗಾಲಿನ ಮನುಷ್ಯನ ಕೈಯಲ್ಲಿ ಬರ್ಬೆರಿ ಕೊಡೆ, ಹಲ್ಲಿಲ್ಲದ ಮುದುಕಿಯ ತೋಳಿನಲ್ಲಿಯ ಕೂಸಿಗೆ ಫೆಂಡಿಯ ಜೊಲ್ಲುಬಟ್ಟೆ. ಚಿತ್ರದ ಕೆಳಗೆ ಕೊಡೆ ಮಾಡಿದವನ ಹೆಸರಿತ್ತು; ಕೊಡೆ ಹಿಡಿದವನ ಹೆಸರಿರಲಿಲ್ಲ. ಅದಕ್ಕಾಗಿ ಆ ಪತ್ರಿಕೆ ದೇಶದ ಒಳಗೂ ಹೊರಗೂ ಟೀಕೆಗೆ ಗುರಿಯಾಯಿತು. ಅಲ್ಲಿ ಬಟ್ಟೆಯಾದರೂ ಕಂಡಿತು, ಉಟ್ಟವರ ಆಯ್ಕೆ ಸೊನ್ನೆ. ‘ಹಿಂದುಸ್ತಾನದ ಜನ’ ಗ್ರಂಥದ ಒಂಬತ್ತನೆಯ ಸಂಪುಟವೆಂದು ಅದನ್ನು ಕರೆಯಬಹುದು. ನಮ್ಮವರ ಚಿತ್ರಗಳಲ್ಲಿ ಒಂದು ವಿಪರ್ಯಾಸವೂ ಇದೆ. ಆ ಚೌಕಟ್ಟಿನಲ್ಲಿ ತನ್ನ ಉಡುಗೆಯನ್ನು ತಾನೇ ಆರಿಸಿ, ತನ್ನ ರೀತಿಯಲ್ಲಿ, ತನ್ನ ಕೆಲಸಕ್ಕೆ ಒಪ್ಪುವಂತೆ ಉಟ್ಟವಳು ಒಬ್ಬಳೇ, ಆ ಹಿಂದಿನ ಗೌಳಿ ಹೆಂಗಸು. ಮಸೂರ ಆಕೆಯನ್ನೇ ಮಸುಕು ಮಾಡಿರುತ್ತದೆ.

ಇಷ್ಟು ಹೊತ್ತು ಹೆಸರಿನ ಜಗಳವಾಯಿತು. ಈ ತಪ್ಪು ಹೆಸರಿನಿಂದ ಲಾಭ ಯಾರಿಗೆಂದು ಪ್ರಾರಂಭದಲ್ಲಿ ಸೂಚಿಸಿದ್ದೆ, ಅದನ್ನು ಹೇಳಬೇಕು. ಡಿಜಿಟಲ್ ಕ್ಯಾಮರಾದಲ್ಲಿ ತೆಗೆದ ಚಿತ್ರವನ್ನು ನಿಂತ ಹುಡುಗಿ ಅಲ್ಲಿಯೇ ನೋಡಬಹುದು, ಸೇರದಿದ್ದರೆ ಅಳಿಸೆನ್ನಬಹುದು. ಫಿಲ್ಮಿನಲ್ಲಿ ಆಕೆಗೆ ಏನೂ ಕಾಣುವದಿಲ್ಲ. ಸುರುಳಿ ಪರಊರಿಗೆ ತೊಳೆಯಲು ಹೋಗಿ ಎರಡು ಮೂರು ವಾರಗಳ ಮೇಲೆ ತಿರುಗಿ ಬಂದಾಗ ಅದು ಸೇರುವದು ತೆಗೆದವನ ಕೈಗೆ. ಆತನು ಐದಾರು ಚಿತ್ರಗಳನ್ನು ಕಳಿಸುತ್ತಾನೆ; ಉಳಿದ ಮೂವತ್ತು ಎಲ್ಲಿ ಹೋದವೆಂದು ಕೇಳಲು ಆಕೆಗೆ ಸಂಕೋಚ. ದೊಡ್ಡ ಪಟ್ಟಣಗಳ ಫ್ಯಾಶನ್ ವ್ಯವಸಾಯದಲ್ಲಿ, ಫಿಲ್ಮೊಂದೇ ಇದ್ದ ದಿನಗಳಲ್ಲಿ, ಮೊದಲು ಪೋಲರಾಯ್ಡ್ ತೆಗೆದು ಬೆಳಕನ್ನೂ ಉಡುಪನ್ನೂ ಪರೀಕ್ಷಿಸುತ್ತಿದ್ದರು; ಕರಾರುಪತ್ರವಿರುತ್ತಿತ್ತು, ಸಂಬಳವಿರುತ್ತಿತ್ತು. ಇಲ್ಲಿ ಸಂಬಳವೂ ಇಲ್ಲ, ಕಾಗದವೂ ಇಲ್ಲ. “ನಿನ್ನ ಹೆಸರಾಗುತ್ತದೆ” ಎಂಬ ಆಶ್ವಾಸನೆಯೊಂದೇ. ಬಟ್ಟೆಯ ಮೇಲೆ ಲಕ್ಷ್ಯವಿಲ್ಲದ ಚಿತ್ರಕ್ಕೆ ಹುಡುಗಿ ಮನೆಯಿಂದ ಹೊರಬೀಳಲು ಒಪ್ಪುವದು, ಮನೆಯವರು ಕಳಿಸಲು ಒಪ್ಪುವದು, ಫ್ಯಾಶನ್ ಎಂಬ ಆ ಒಂದು ಮರ್ಯಾದೆಯ ಶಬ್ದದ ಬಲದಿಂದ.

ಕಾಯಿದೆ ಏನನ್ನುತ್ತದೆಂಬುದನ್ನು ತಾಯಂದಿರೂ ಹೆಣ್ಣುಮಕ್ಕಳೂ ತಿಳಿದಿರುವದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. ಹಕ್ಕೂ ಸಾಮಾನ್ಯವಾಗಿ ಆತನದೇ. ಆದರೆ 17ನೆಯ ಕಲಮಿನ ಪ್ರಕಾರ, ಒಬ್ಬರು ಪ್ರತಿಫಲ ಕೊಟ್ಟು ತಮ್ಮ ಹೇಳಿಕೆಯಿಂದ ಚಿತ್ರ ತೆಗೆಸಿಕೊಂಡಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಮೊದಲ ಒಡೆತನ ಹಾಗೆ ತೆಗೆಸಿಕೊಂಡವರದಾಗುತ್ತದೆ. ಅಂದರೆ ಮದುವೆಗೆ ತೋರಿಸಲೆಂದು ಸ್ಟುಡಿಯೋಕ್ಕೆ ಹಣ ಕೊಟ್ಟು ಫೋಟೋ ತೆಗೆಸಿಕೊಂಡ ಅಜ್ಜಿಗೆ ಇದ್ದ ಹಕ್ಕು, ಕಾಡಿನಲ್ಲಿ ಪುಕ್ಕಟೆ ನಿಂತ ಮೊಮ್ಮಗಳಿಗಿಲ್ಲ. ‘ಪುಕ್ಕಟೆ’ ಎಂಬುದರ ಬೆಲೆ ಇಷ್ಟು.

ಎಲ್ಲರೂ ಹೀಗೆಯೇ ಇದ್ದಾರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವ, ಪ್ರತಿಯೊಂದು ನೆಗೆಟಿವನ್ನೂ ನಿಂತವಳಿಗೆ ತೋರಿಸಿ ಕೇಳುವ ತರುಣರನ್ನೂ ನಾನು ಬಲ್ಲೆ. ಈ ಲೇಖದಿಂದ ಮೊದಲು ಸಿಟ್ಟಿಗೇಳುವವರೂ ಅವರೇ ಆಗಿರಬಹುದು. ಅವರು ಸಿಟ್ಟನ್ನು ತಮ್ಮ ಜೊತೆಗಾರರ ಕಡೆಗೆ ತಿರುಗಿಸಲಿ.

ಮುಂದಿನ ಪ್ರದರ್ಶನದಲ್ಲಿ ಫ್ಯಾಶನ್ ಎಂಬ ಹೆಸರು ಹಾಕುವವರು ಚಿತ್ರದ ಕೆಳಗೆ ಫಿಲ್ಮಿನ ಜಾತಿಯನ್ನೂ ಮಸೂರದ ನಂಬರನ್ನೂ ಬರೆಯುವಲ್ಲಿ, ಬಟ್ಟೆ ಯಾವ ಊರಿನದು, ನೇಯ್ದವರು ಇಲ್ಲವೆ ಹೊಲಿದವರು ಯಾರು, ಉಟ್ಟವಳಿಗೆ ಏನು ಕೊಟ್ಟಿರಿ ಎಂಬ ಮೂರು ಸಾಲುಗಳನ್ನು ಬರೆಯಲಿ. ಉಟ್ಟವಳು ಒಪ್ಪಿದರೆ ಆಕೆಯ ಹೆಸರನ್ನೂ ಬರೆಯಲಿ. ಹಾಗೆ ಬರೆಯಲು ಸಾಧ್ಯವಾಗದ ಚಿತ್ರಗಳನ್ನು ಬೇರೆ ಗೋಡೆಗೆ ತೂಗಹಾಕಿ ‘ಕಾಡಿನಲ್ಲಿ ಒಬ್ಬ ಹುಡುಗಿ’ ಎಂದು ಬರೆದರಾಯಿತು. ಯಾರ ತಕರಾರೂ ಇರುವದಿಲ್ಲ.

ಲಗ್ನಸರಾಯಿ ಹತ್ತಿರ ಬಂತು. ಶಹಾಪುರದ ಯಾವ ಸೀರೆಯನ್ನಾದರೂ ಆರಿಸಿ, ಅದನ್ನು ಉಡಲು ಮನಸ್ಸುಳ್ಳ ಒಬ್ಬ ಹುಡುಗಿಗೆ ಯೋಗ್ಯ ಸಂಭಾವನೆ ಕೊಟ್ಟು, ದಡಿ ಒಡಲು ಬೇರೆಯಾಗಿ ಕಾಣುವಂತೆ 36 ಚಿತ್ರ ತೆಗೆದುಕೊಡುವವರಿದ್ದರೆ, ಮೊದಲ ಸುರುಳಿಯ ಹಾಗು ಅದನ್ನು ತೊಳೆಸುವ ಖರ್ಚನ್ನು ಕೊಡಲು ನಾನು ಸಿದ್ಧನಿದ್ದೇನೆ. ನೆಗೆಟಿವ್‌ಗಳು ಮಾತ್ರ ಆ ಹುಡುಗಿಯ ಮನೆಯಲ್ಲಿರತಕ್ಕದ್ದು. ಹಣ ಕೊಟ್ಟವನೆಂಬ ಕಾರಣದಿಂದ ಕಾಯಿದೆಯು ಹಕ್ಕನ್ನು ನನಗೆ ಕೊಡುವದಾದರೆ, ಅದನ್ನು ಅಂದೇ ಕಾಗದದ ಮೇಲೆ ಆಕೆಗೆ ಬರೆದುಕೊಡುತ್ತೇನೆ.